ಹೊಸ ಹೆಡರ್, ಹಳೆಯ ಸದ್ದು: ಮೇಗರವಳ್ಳಿಯ ಒಂದು ಹೋಂಡಾ ಸಿಟಿಯ ಪ್ರಕರಣ

ವಾಹನ: 2001ರ ಹೋಂಡಾ ಸಿಟಿ 1.5 ವಿಟೆಕ್, ಪೆಟ್ರೋಲ್. ಸ್ಥಳ: ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಸಮೀಪದ ಒಬ್ಬ ಅಡಿಕೆ ಬೆಳೆಗಾರರ ಮನೆ. ದೂರು: ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಬಾನೆಟ್ಟಿನ ಮುಂಭಾಗದಿಂದ ಟಕ್ ಟಕ್ ಎಂಬ ಸದ್ದು. ಎಂಜಿನ್ ಬಿಸಿಯಾದಂತೆ ಸದ್ದು ಕುಗ್ಗಿ ಮಾಯವಾಗುತ್ತದೆ. ಗಾಡಿ ನಿಂತಿದ್ದು ಎಂಜಿನ್ ಓಡುತ್ತಿದ್ದರೆ ಒಳಗೆ ಕುಳಿತವರ ಮೂಗಿಗೆ ಹೊಗೆಯ ವಾಸನೆ ಬಡಿಯುತ್ತದೆ.

ನೋಂದಣಿ ಪತ್ರದ ಪ್ರಕಾರ ಇದು ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರು. ಆದರೆ ಇದರ ಎಂಜಿನ್ 1,493 ಸಿಸಿಯಲ್ಲಿ 106 ಅಶ್ವಶಕ್ತಿ ಕೊಡುತ್ತಿತ್ತು. ಆ ಕಾಲದ ಭಾರತದ ರಸ್ತೆಗಳಲ್ಲಿ ಇಷ್ಟು ಹಗುರ ಮೈಗೆ ಇಷ್ಟು ಶಕ್ತಿ ಅಪರೂಪ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು ಐದು ಸಾವಿರದ ಆಸುಪಾಸು ದಾಟಿದಾಗ ಕವಾಟಗಳು ಅವನ್ನು ತೆರೆಯುವ ಇನ್ನೊಂದು ಕ್ಯಾಮಿಗೆ ಜಿಗಿಯುತ್ತವೆ (ವಿಟೆಕ್ ಎಂದರೆ ಇದೇ), ಎಂಜಿನ್ನಿನ ದನಿಯೇ ಬದಲಾಗುತ್ತದೆ. ಎರಡೇ ಆಸನಗಳಿದ್ದರೆ ಮಾತ್ರ ಸ್ಪೋರ್ಟ್ಸ್ ಕಾರು ಎನ್ನುವವರು ಒಪ್ಪದೆ ಇರಬಹುದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಇದನ್ನು ಎರಡನೆಯ ಗೇರಿನಲ್ಲಿ ಏರಿಸಿದವರು ಆ ವಾದಕ್ಕೆ ಬರುವುದಿಲ್ಲ.

ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಬೀಡು ಕಬ್ಬಿಣದ ಭಾಗ ಮ್ಯಾನಿಫೋಲ್ಡ್; ಅದರ ಬದಲು ಹಾಕುವ ಉದ್ದ ಕೊಳವೆಗಳ ಗೊಂಚಲು ಹೆಡರ್. ಮಾಲೀಕರಿಗೆ ಹೆಡರ್ ಹಾಕಿಸುವ ಆಸೆ ಹಳೆಯದು. ಆದರೆ ಈ ಪ್ರಕರಣ ಆಸೆಯಿಂದ ಹುಟ್ಟಲಿಲ್ಲ, ಬಿರುಕಿನಿಂದ ಹುಟ್ಟಿತು. ಶಾಖಕವಚದ ತಗಡು ಬಿಚ್ಚಿದಾಗ ಬೀಡು ಕಬ್ಬಿಣದ ಮ್ಯಾನಿಫೋಲ್ಡಿನ ಎರಡು ಕೊಳವೆಗಳು ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಅದರ ಎರಡೂ ಬದಿಗೆ ಮಸಿ. ತಣ್ಣಗಿರುವಾಗ ಬಾಯಿ ಬಿಡುವ ಬಿರುಕು ಬಿಸಿಯಾದಾಗ ಲೋಹ ಹಿಗ್ಗಿ ಮುಚ್ಚಿಕೊಳ್ಳುತ್ತಿತ್ತು. ಸದ್ದು ಮಾಯವಾಗುತ್ತಿದ್ದ ಗುಟ್ಟು ಇಷ್ಟೇ. ಅದಕ್ಕೂ ಮುನ್ನ ಗ್ಯಾರೇಜೊಂದರಲ್ಲಿ ಅದನ್ನು ಕವಾಟವನ್ನು ಒತ್ತುವ ಟ್ಯಾಪೆಟ್ಟಿನ ಸದ್ದು ಎಂದು ತೀರ್ಮಾನಿಸಿ ಟ್ಯಾಪೆಟ್ ಹೊಂದಿಸಿ ಹಣ ಪಡೆದಿದ್ದರು.

ವಾಸನೆಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಈ ಎಂಜಿನ್ನಿನಲ್ಲಿ ಹೊಗೆ ಹೊರಬರುವ ಬದಿ ರೇಡಿಯೇಟರಿನ ಕಡೆಗಿದೆ. ಅಲ್ಲಿ ಸೋರಿದ ಅನಿಲ ಬಾನೆಟ್ಟಿನ ಕೆಳಗೆ ತುಂಬಿಕೊಂಡು ಮುಂಗಾಜಿನ ಬುಡದ ಗಾಳಿಕಿಂಡಿಯ ಮೂಲಕ ಒಳಗೆ ಬರುತ್ತದೆ. ಮೂಗಿಗೆ ತಿಳಿಯುವುದು ಅರೆಬೆಂದ ಪೆಟ್ರೋಲಿನ ವಾಸನೆ ಮಾತ್ರ. ಅದರ ಜೊತೆಗೇ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡೇ ಓಡಾಡುವ ಊರಿನಲ್ಲಿ ಇದನ್ನು ಬರೀ ಸದ್ದಿನ ತೊಂದರೆ ಎಂದು ಮುಂದೂಡುವುದು ನನಗೆ ಸರಿ ಕಾಣಲಿಲ್ಲ.

ಯಾವ ಹೆಡರ್

ಮೂಲ ಮ್ಯಾನಿಫೋಲ್ಡ್ ಹೊಸದು ಸಿಗಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದಕ್ಕೂ ಅದೇ ಜಾಗದಲ್ಲಿ ಬಿರುಕಿತ್ತು. ಹೀಗಾಗಿ ಕೊಯಮತ್ತೂರಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ಹೆಡರ್ ಮಾಡಿಸುವುದೆಂದಾಯಿತು: 304 ದರ್ಜೆಯ ಸ್ಟೇನ್‌ಲೆಸ್ ಕೊಳವೆಗಳು, 10 ಮಿ.ಮೀ. ದಪ್ಪದ ಸಾದಾ ಉಕ್ಕಿನ ಫ್ಲ್ಯಾಂಜ್, ಅಂದರೆ ಕೊಳವೆಗಳನ್ನು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಪಟ್ಟಿ.

ನಾಲ್ಕು ಕೊಳವೆಗಳನ್ನು ಒಂದೇ ಕಡೆ ಸೇರಿಸುವುದೋ, ಅಥವಾ ಎರಡೆರಡಾಗಿ ಸೇರಿಸಿ ಆಮೇಲೆ ಒಂದು ಮಾಡುವುದೋ ಎಂಬ ಚರ್ಚೆ ನಡೆಯಿತು. ಕವಾಟ ತೆರೆದಾಗ ಹೊರನುಗ್ಗುವ ಒತ್ತಡದ ಅಲೆ ಬಿಸಿ ಅನಿಲದಲ್ಲಿ ಸೆಕೆಂಡಿಗೆ 500 ಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತದೆ. ಕೊಳವೆಗಳು ಸೇರುವಲ್ಲಿ ಜಾಗ ಒಮ್ಮೆಲೇ ಅಗಲವಾಗುವುದರಿಂದ ಅಲ್ಲಿಂದ ಕಡಿಮೆ ಒತ್ತಡದ ಅಲೆಯೊಂದು ಹಿಂದಿರುಗುತ್ತದೆ. ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಕವಾಟಗಳು ಒಟ್ಟಿಗೆ ಅರೆತೆರೆದಿರುವ ಆ ಚೂರು ಹೊತ್ತಿಗೆ ಸರಿಯಾಗಿ ಈ ಅಲೆ ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಎಳೆದುಕೊಂಡು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಯಾವ ವೇಗದಲ್ಲಿ ಸರಿಯಾಗಿ ಬರುತ್ತದೆ ಎಂಬುದನ್ನು ಕೊಳವೆಯ ಉದ್ದ ನಿರ್ಧರಿಸುತ್ತದೆ. ಈ ಎಂಜಿನ್ನಿನ ಸಿಲಿಂಡರುಗಳಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುವ ಕ್ರಮ 1-3-4-2. ಒಂದನ್ನು ನಾಲ್ಕರೊಡನೆ, ಎರಡನ್ನು ಮೂರರೊಡನೆ ಜೋಡಿಸಿದರೆ ಪ್ರತಿ ಜೋಡಿಯಲ್ಲೂ ಎರಡು ಹೊಡೆತಗಳ ನಡುವೆ ಕ್ರ್ಯಾಂಕಿನ ಪೂರ್ತಿ ಒಂದು ಸುತ್ತಿನ ಅಂತರ ಸಿಗುತ್ತದೆ, ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ. ನಾಲ್ಕನ್ನೂ ಒಂದೇ ಕಡೆ ಸೇರಿಸಿದ ಹೆಡರ್ ಸಾಮಾನ್ಯವಾಗಿ ಮೇಲಿನ ವೇಗದಲ್ಲಿ ಗೆಲ್ಲುತ್ತದೆ. ಎರಡೆರಡರದ್ದು ಮಧ್ಯಮ ವೇಗದಲ್ಲಿ. ಘಾಟಿಯಲ್ಲಿ ತಿರುವಿನಿಂದ ತಿರುವಿಗೆ ಎಂಜಿನ್ ಎರಡೂವರೆಯಿಂದ ನಾಲ್ಕೂವರೆ ಸಾವಿರದ ನಡುವೆಯೇ ದುಡಿಯುತ್ತದೆ. ಏಳು ಸಾವಿರದಲ್ಲಿ ಸಿಗುವ ಲಾಭವನ್ನು ಬಳಸಲು ಮೇಗರವಳ್ಳಿಯಲ್ಲಿ ರಸ್ತೆಯೇ ಇಲ್ಲ. ಎರಡೆರಡರದ್ದೇ ಆಯ್ಕೆಯಾಯಿತು.

ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದು ನೇರ ಕೊಳವೆ ಹಾಕುವ ಸಲಹೆಯೂ ಮಾಲೀಕರಿಗೆ ಬಂದಿತ್ತು. ಅದಕ್ಕೆ ನಾನು ಒಪ್ಪಲಿಲ್ಲ. ಈ ಕಾರಿನಲ್ಲಿ ಕನ್ವರ್ಟರ್ ನೆಲದ ತಗಡಿನ ಕೆಳಗೆ ಬೇರೆಯಾಗಿಯೇ ಕುಳಿತಿದೆ, ಹೆಡರ್ ಹಾಕಲು ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಸೈಲೆನ್ಸರೂ ಮೂಲದ್ದೇ ಉಳಿಯಿತು.

ಕಾನೂನಿನ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2)ರ ಅಡಿಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಹದಿನೈದು ವರ್ಷ ದಾಟಿದ ಈ ಕಾರು ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕು. ಕನ್ವರ್ಟರ್, ಸೈಲೆನ್ಸರ್ ಎರಡನ್ನೂ ಉಳಿಸಿಕೊಂಡು, ಸದ್ದು ಮೂಲದಷ್ಟೇ ಇದ್ದು, ಹೊಗೆ ತಪಾಸಣೆಯಲ್ಲಿ ಪಾಸಾದರೂ ಹೆಡರ್ ಮೂಲ ಭಾಗವಲ್ಲ ಎಂಬ ಸಂಗತಿ ಬದಲಾಗುವುದಿಲ್ಲ. ಮಾಲೀಕರು ಇದನ್ನು ತಿಳಿದೇ ಮುಂದುವರಿದರು.

ಬಿಚ್ಚುವ ಕೆಲಸ

ಅಡಿಕೆ ಒಣಗಿಸುವ ಅಂಗಳವೇ ಕಾರ್ಯಾಗಾರ. ಸಮತಟ್ಟಾದ ಜಾಗ, ಮೇಲೆ ಚಪ್ಪರ, ಬೆಳಕು ಧಾರಾಳ. ಆದರೆ ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಜ್ಯಾಕ್ ಸ್ಟ್ಯಾಂಡಿನ ಕಾಲು ಹೂತು ಕಾರು ವಾಲುತ್ತದೆ. ಪ್ರತಿ ಸ್ಟ್ಯಾಂಡಿನ ಕೆಳಗೆ ಅಗಲವಾದ ಹಲಗೆ ಇಟ್ಟೆವು. ಮನೆಯ ಹಿಂದೆ ಜಂಬಿಟ್ಟಿಗೆಯ ರಾಶಿಯೇ ಇತ್ತು, ಒಬ್ಬರು ಉತ್ಸಾಹದಿಂದ ನಾಲ್ಕು ಹೊತ್ತು ತಂದರು. ಜಂಬಿಟ್ಟಿಗೆ ಗೋಡೆಗೆ ಚೆನ್ನ. ಅದರ ಮೇಲೆ ಒಂದು ಟನ್ ತೂಕವನ್ನು ಸಣ್ಣ ಬಿಂದುವಿನಲ್ಲಿ ಇಟ್ಟರೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಅದರ ಕೆಳಗೆ ಮಲಗಿರುವುದು ಮನುಷ್ಯ.

ಬ್ಯಾಟರಿಯ ಋಣ ತಂತಿ ಕಳಚಿ, ರೇಡಿಯೇಟರ್ ಫ್ಯಾನನ್ನು ಅದರ ಚೌಕಟ್ಟಿನ ಸಮೇತ ಮೇಲೆತ್ತಿದರೆ ಕೈ ಆಡಿಸಲು ಜಾಗ ಸಿಗುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಮ್ಲಜನಕ ಸಂವೇದಕವನ್ನು 22 ಮಿ.ಮೀ. ಸೀಳು ಸಾಕೆಟ್ಟಿನಿಂದ ತೆಗೆಯಬೇಕು. ಅದರ ತಂತಿಯನ್ನು ತಿರುಚಬಾರದು. ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಂಡ ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆವು. ಒಂದನ್ನು ಬಿಟ್ಟು ಉಳಿದವು ಮರ್ಯಾದೆಯಿಂದ ಬಂದವು. ನಾಲ್ಕನೆಯ ಸಿಲಿಂಡರಿನ ತುದಿಯ ಸ್ಟಡ್, ಅಂದರೆ ನಟ್ ಕೂರುವ ತಲೆಯಿಲ್ಲದ ಬೋಲ್ಟ್, ಮುರಿಯಿತು.

ತುದಿಯದ್ದೇ ಏಕೆ ಮುರಿಯಬೇಕು? ಮ್ಯಾನಿಫೋಲ್ಡ್ ಬಿಸಿಯಾದಾಗ ನಡುವಿನಿಂದ ಎರಡೂ ಕಡೆಗೆ ಹಿಗ್ಗುತ್ತದೆ. ನಡುವಿನ ಸ್ಟಡ್ ಕದಲುವುದೇ ಇಲ್ಲ, ತುದಿಯವು ಪ್ರತಿ ಸಲ ಅಡ್ಡಕ್ಕೆ ಬಾಗಿ ಮರಳುತ್ತವೆ. ವರ್ಷಾನುಗಟ್ಟಲೆ ಹಾಗೆ ಬಾಗಿದ ಲೋಹ ಒಂದು ದಿನ ಕೈಕೊಡುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ಸ್ಟೇನ್‌ಲೆಸ್ ಉಕ್ಕು ಬೀಡು ಕಬ್ಬಿಣಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ 304 ಕೊಳವೆ 500 ಡಿಗ್ರಿಯಷ್ಟು ಬಿಸಿಯೇರಿದರೆ ನಾಲ್ಕು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ.

ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್, ಸ್ಟಡ್ ಉಕ್ಕು. ಡ್ರಿಲ್ ಜಾರಿದರೆ ಹಾಳಾಗುವುದು ಮೆತ್ತಗಿನ ಹೆಡ್. ಗೇಟು, ಗ್ರಿಲ್ಲು ಮಾಡುವ ಒಬ್ಬ ಬೆಸುಗೆಗಾರರು ತಮ್ಮ ಯಂತ್ರ ಹೊತ್ತು ತಂದು, ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ಅದರ ತೂತಿನೊಳಗೆ ಬೆಸುಗೆ ತುಂಬಿದರು. ಬೆಸುಗೆಯ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿದಾಗ ತುಂಡು ತಿರುಗುತ್ತ ಹೊರಬಂತು. ಉಳಿದ ಸ್ಟಡ್‌ಗಳನ್ನೂ ಆಗಲೇ ಬದಲಿಸಿದೆವು.

ಕೂರಿಸಿದ್ದು, ಸದ್ದು ಮರಳಿದ್ದು

ಕೂರಿಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೀಲಿನ ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್, ಹೊಸ ನಟ್. ನಡುವಿನಿಂದ ಹೊರಗೆ ಸುತ್ತು ಸುತ್ತಾಗಿ ಬಿಗಿಯುತ್ತ ಕೊನೆಗೆ 31 ನ್ಯೂಟನ್ ಮೀಟರ್, ಸಂವೇದಕಕ್ಕೆ 44. ಕೊಳವೆಯ ಮೇಲೆ ಬಿದ್ದ ಬೆರಳಿನ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸದಿದ್ದರೆ ಮೊದಲ ಬಿಸಿಗೇ ಆ ಬೆರಳಚ್ಚು ಶಾಶ್ವತವಾಗಿ ಸುಟ್ಟು ಕೂರುತ್ತದೆ. ಎಣ್ಣೆ ತೊಟ್ಟಿಗೂ ಕೊಳವೆಗೂ ನಡುವೆ ಒಂದು ಬೆರಳು ತೂರುವಷ್ಟು ಅಂತರವಿತ್ತು. ಫ್ಯಾನಿನ ತಂತಿ ಹೆಡರಿಗೆ ತೀರ ಹತ್ತಿರವಿದ್ದುದರಿಂದ ಅದನ್ನು ಬೇರೆ ದಾರಿಯಲ್ಲಿ ಕಟ್ಟಿದೆವು.

ಎಂಜಿನ್ ಚಾಲೂ ಆಯಿತು. ಟಕ್ ಟಕ್ ಟಕ್.

ಆ ಗಳಿಗೆಯಲ್ಲಿ ಅಂಗಳದಲ್ಲಿದ್ದವರಿಗೆಲ್ಲ ಒಂದೊಂದು ಅಭಿಪ್ರಾಯ ಇತ್ತು. ಹಿಂದಿನ ಗ್ಯಾರೇಜಿನವರು ಹೇಳಿದ್ದೇ ನಿಜ, ಟ್ಯಾಪೆಟ್ಟೇ ಇರಬೇಕು ಎಂದರು ಒಬ್ಬರು. ಎರಡು ಸಲ ಬಿಸಿಯಾಗಿ ತಣಿದರೆ ಗ್ಯಾಸ್ಕೆಟ್ ಕೂರುತ್ತದೆ ಎಂದರು ಇನ್ನೊಬ್ಬರು. ಎರಡನೆಯ ಮಾತು ಕೆಲವೊಮ್ಮೆ ನಿಜವೇ, ಆದ್ದರಿಂದ ಅದಕ್ಕೊಂದು ಅವಕಾಶ ಕೊಟ್ಟೆವು. ಎಂಜಿನ್ ಪೂರ್ತಿ ತಣಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿದೆವು. ಸದ್ದು ಹಾಗೆಯೇ ಇತ್ತು.

ಆದರೆ ಇದು ಹಳೆಯ ಸದ್ದಲ್ಲ. ಹಳೆಯದು ಬಿಸಿಯಾದಾಗ ಹೋಗುತ್ತಿತ್ತು, ಇದು ಹೋಗಲಿಲ್ಲ. ಏರಿನಲ್ಲಿ ಎಂಜಿನ್ ದುಡಿಯುವಾಗ ಜೋರಾಗಿ, ಇಳಿಜಾರಿನಲ್ಲಿ ಕಾಲು ತೆಗೆದಾಗ ಕ್ಷೀಣವಾಗಿ ಕೇಳುತ್ತಿತ್ತು. ಟ್ಯಾಪೆಟ್ಟಿಗೆ ಏರು ಇಳಿಜಾರಿನ ಹಂಗಿಲ್ಲ; ಕ್ಯಾಮ್ ತಿರುಗಿದಷ್ಟೂ ಅದು ಬಡಿಯುತ್ತದೆ. ಇನ್ನೂ ಖಚಿತವಾದ ಪರೀಕ್ಷೆಯೊಂದಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕನೆಕ್ಟರ್ ಕಳಚುವುದು. ಪೆಟ್ರೋಲ್ ನಿಂತ ಸಿಲಿಂಡರಿನಲ್ಲಿ ಸ್ಫೋಟವಿಲ್ಲ, ಆದ್ದರಿಂದ ಅಲ್ಲಿ ಹೊಗೆ ಸೋರುತ್ತಿದ್ದರೆ ಸದ್ದು ಬೀಳುತ್ತದೆ; ಟ್ಯಾಪೆಟ್ ಆಗಿದ್ದರೆ ಬದಲಾಗುವುದಿಲ್ಲ. ಹಳಬರು ಇದಕ್ಕಾಗಿ ಪ್ಲಗ್ ವಯರ್ ಕೀಳುತ್ತಾರೆ. ಕನ್ವರ್ಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ಬೇಯದ ಪೆಟ್ರೋಲ್ ಹೋಗಿ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸೀತು. ಎರಡು, ಮೂರನೆಯ ಇಂಜೆಕ್ಟರ್ ಕಳಚಿದಾಗ ಎಂಜಿನ್ ಕುಂಟಿತೇ ಹೊರತು ಸದ್ದು ಉಳಿಯಿತು. ನಾಲ್ಕನೆಯದನ್ನು ಕಳಚಿದಾಗ ಟಕ್ ಟಕ್ ಬಹುಪಾಲು ನಿಂತಿತು. ಒಂದನೆಯದರಲ್ಲಿ ಸ್ವಲ್ಪ.

ಕಣ್ಣಾರೆಯೂ ನೋಡೋಣವೆಂದು ಅಂಗಳ ಗುಡಿಸುವ ವಿದ್ಯುತ್ ಬ್ಲೋವರನ್ನು ಚಿಂದಿ ಸುತ್ತಿ ಸೈಲೆನ್ಸರಿನ ಬಾಲಕ್ಕೆ ಹಿಡಿದು ಗಾಳಿ ಊದಿದೆವು. ತಣ್ಣಗಿದ್ದ ಹೆಡರಿನ ಕೀಲುಗಳ ಮೇಲೆ ಸೋಪಿನ ನೀರು ಚಿಮುಕಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಎದ್ದಿತು: ನಾಲ್ಕನೆಯ ಸಿಲಿಂಡರಿನ ಹೊಗೆ ಹೊರಬರುವ ಕಂಡಿಯ ಕೆಳಬದಿಯಲ್ಲಿ ದಟ್ಟವಾಗಿ, ಒಂದನೆಯದರಲ್ಲಿ ತೆಳುವಾಗಿ.

ಈ ನಡುವೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪವೂ ಹೊತ್ತಿತು. ಈ ಕಾಲದ ಹೋಂಡಾಗಳಲ್ಲಿ ಕಂಪ್ಯೂಟರ್ ಉಪಕರಣ ಬೇಕಿಲ್ಲ. ಡ್ಯಾಶ್‌ಬೋರ್ಡಿನ ಅಡಿಯ ಎರಡು ತಂತಿಯ ಕನೆಕ್ಟರಿಗೆ ಒಂದು ತುಂಡು ತಂತಿ ಸಿಕ್ಕಿಸಿದರೆ ದೀಪವೇ ಮಿನುಗಿ ಸಂಖ್ಯೆ ಹೇಳುತ್ತದೆ. ಒಂದು ಎಂದು ಹೇಳಿತು, ಅಂದರೆ ಆಮ್ಲಜನಕ ಸಂವೇದಕ. ಹೊಸದಾಗಿ ಕೊಂಡು ತರಲು ಮಾಲೀಕರು ಆಗಲೇ ಹೊರಟಿದ್ದರು. ಸಂವೇದಕದ್ದು ತಪ್ಪಿರಲಿಲ್ಲ. ಹೊಗೆ ಹೊಡೆತ ಹೊಡೆತವಾಗಿ ಹೊರಡುತ್ತದೆ. ಎರಡು ಹೊಡೆತಗಳ ನಡುವೆ ಕೊಳವೆಯೊಳಗೆ ಒತ್ತಡ ಹೊರಗಿಗಿಂತ ಕೆಳಗಿಳಿಯುತ್ತದೆ. ಹೆಡರಿನ ಗುಣವೇ ಅದು, ಆ ಎಳೆತಕ್ಕಾಗಿಯೇ ಅದನ್ನು ಹಾಕುವುದು. ಸೋರುವ ಸಂದಿದ್ದರೆ ಆಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸಂವೇದಕ ಆ ಗಾಳಿಯ ಆಮ್ಲಜನಕವನ್ನು ಕಂಡು ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂದು ವರದಿ ಮಾಡುತ್ತದೆ. ಎಂಜಿನ್ ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸುತ್ತದೆ. ಫಲವಾಗಿ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಕನ್ವರ್ಟರ್ ಅತಿಯಾಗಿ ಬಿಸಿಯಾಗುತ್ತದೆ. ಹೆಡರ್ ಹಾಕಿದ ಮೇಲೆ ಕಾರು ಪೆಟ್ರೋಲ್ ಕುಡಿಯಲು ಶುರುಮಾಡಿತು ಎನ್ನುವವರು ಒಮ್ಮೆ ಕೀಲನ್ನು ನೋಡುವುದು ಒಳ್ಳೆಯದು.

ಮೈಲುತುತ್ತದ ಸಾಕ್ಷಿ

ಹೆಡರ್ ಮತ್ತೆ ಕೆಳಗಿಳಿಯಿತು. ಗ್ಯಾಸ್ಕೆಟ್ಟಿನ ಮೇಲೆ, ನಾಲ್ಕನೆಯ ಕಂಡಿಯ ಕೆಳಬದಿಯಲ್ಲಿ ಮಸಿಯ ಬಾಲ ಸ್ಪಷ್ಟವಾಗಿತ್ತು. ಆದರೆ ಫ್ಲ್ಯಾಂಜಿನ ಮೇಲಂಚಿನ ಉದ್ದಕ್ಕೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ನೇರವಾಗಿಯೇ ಕಾಣುತ್ತಿತ್ತು. ಜೊತೆಗೆ ತಯಾರಕರು ಫ್ಲ್ಯಾಂಜಿಗೆ ದಪ್ಪನಾಗಿ ಬೆಳ್ಳಿ ಬಣ್ಣ ಬಳಿದು ಕಳಿಸಿದ್ದರು. ಬಣ್ಣ ಒಳ್ಳೆಯ ವಕೀಲ, ಎಲ್ಲವನ್ನೂ ಒಂದೇ ಹೊಳಪಿನಲ್ಲಿ ಮುಚ್ಚುತ್ತದೆ.

ಇಲ್ಲಿ ಈ ಪ್ರಕರಣದ ದಿಕ್ಕು ಬದಲಿಸಿದವರು ಮಾಲೀಕರ ನೆಂಟರೊಬ್ಬರು, ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. 1923ರಿಂದ ಕಬ್ಬಿಣ ಕರಗಿಸಿದ ಆ ಕಾರ್ಖಾನೆ ಶಿವಮೊಗ್ಗ ಸೀಮೆಗೆ ಕೊಟ್ಟದ್ದು ಲೋಹವನ್ನಷ್ಟೇ ಅಲ್ಲ. ಮೂರು ತಲೆಮಾರಿನ ಕೈಗಳನ್ನೂ ಕೊಟ್ಟಿತು. ಅವರು ಮೊದಲು ಬಣ್ಣವನ್ನೆಲ್ಲ ಕೆರೆಸಿದರು. ಆಮೇಲೆ ಕೇಳಿದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವ ಅಡಿಕೆ ತೋಟದ ಮನೆಯಲ್ಲಿ ಅದಕ್ಕೇನು ಬರ! ಸುಣ್ಣ ಬೆರೆಸದೆ, ಬರೀ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಚಿಂದಿಯಿಂದ ಫ್ಲ್ಯಾಂಜಿನ ಮುಖಕ್ಕೆ ಸವರಿದರು. ಸಾದಾ ಉಕ್ಕು ಕಣ್ಣೆದುರೇ ತಾಮ್ರದ ಬಣ್ಣಕ್ಕೆ ತಿರುಗಿತು: ಕಬ್ಬಿಣ ದ್ರಾವಣಕ್ಕಿಳಿಯುತ್ತದೆ, ತಾಮ್ರ ಅದರ ಜಾಗದಲ್ಲಿ ಕೂರುತ್ತದೆ. ಲೋಹದ ಮೇಲೆ ಗೆರೆ ಎಳೆಯಲು ಫಿಟ್ಟರುಗಳು ಹಿಂದಿನಿಂದ ಬಳಸುತ್ತ ಬಂದ ಉಪಾಯವಿದು.

ದಪ್ಪ ಗಾಜಿನ ಮೇಲೆ ನೀರು ಹಾಕಿ ಉಜ್ಜುವ ಮರಳು ಕಾಗದ ಹಾಸಿ, ಫ್ಲ್ಯಾಂಜಿನ ಮುಖವನ್ನು ಅದರ ಮೇಲೆ ನಾಲ್ಕಾರು ಸಲ ಉಜ್ಜಿದರು. ಎತ್ತಿದಾಗ ಎತ್ತರದ ಜಾಗಗಳಲ್ಲಿ ತಾಮ್ರ ಅಳಿಸಿ ಉಕ್ಕು ಹೊಳೆಯುತ್ತಿತ್ತು. ತಗ್ಗಿನಲ್ಲಿ ತಾಮ್ರ ಹಾಗೆಯೇ ಉಳಿದಿತ್ತು. ನಾಲ್ಕನೆಯ ಕಂಡಿಯ ಸುತ್ತ ಕೆಳಬದಿಗೆ ಅರ್ಧಚಂದ್ರದಂತೆ ಕೆಂಪು, ಒಂದನೆಯದರಲ್ಲಿ ಅದರ ಅರ್ಧ. ಅಳತೆಪಟ್ಟಿಯನ್ನು ಕಂಡಿಗೆ ಅಡ್ಡವಾಗಿಟ್ಟು ಸಂದಿನ ಅಗಲ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದರೆ ಅಲ್ಲಿ 0.35 ಮಿ.ಮೀ. ಎಲೆ ಸಲೀಸಾಗಿ ಹೋಯಿತು.

ಕಾರಣ ಊಹಿಸುವುದು ಕಷ್ಟವಲ್ಲ. ಕೊಳವೆಯನ್ನು ಫ್ಲ್ಯಾಂಜಿಗೆ ಒಳಗಿನಿಂದಲೂ ಬೆಸೆದಾಗ ಬೆಸುಗೆ ಮುಖದಿಂದ ಮೇಲೆದ್ದು ನಿಲ್ಲುತ್ತದೆ. ಅದನ್ನು ಯಂತ್ರದಲ್ಲಿ ಮಟ್ಟ ಮಾಡುವ ಬದಲು ಕೈಯಲ್ಲಿ ಹಿಡಿಯುವ ಗ್ರೈಂಡರಿನಿಂದ ಸವೆಸಿದ್ದರು, ಚಕ್ರ ಬೆಸುಗೆಯ ಜೊತೆಗೆ ಪಕ್ಕದ ಉಕ್ಕನ್ನೂ ತಿಂದಿತ್ತು. ಇಡೀ ಫ್ಲ್ಯಾಂಜ್ ಬಿಲ್ಲಿನಂತೆ ಬಾಗಿದ್ದರೆ ನಟ್ಟುಗಳು ಅದನ್ನು ಎಳೆದು ಒಂದಷ್ಟು ನೇರ ಮಾಡುತ್ತವೆ. ಗುಳಿಯನ್ನು ಯಾವ ನಟ್ಟೂ ತುಂಬಲಾರದು, ಎಷ್ಟೇ ಬಿಗಿದರೂ. ಕೆಲವರು ಇಂಥಲ್ಲಿ ಎರಡು ಗ್ಯಾಸ್ಕೆಟ್ ಒಟ್ಟಿಗೆ ಹಾಕುತ್ತಾರೆ, ಇಲ್ಲವೇ ಡಬ್ಬಿಯಲ್ಲಿ ಸಿಗುವ ಅಂಟು ತುಂಬುತ್ತಾರೆ. ಎರಡೂ ಒಂದು ಘಾಟಿ ಹತ್ತಿಳಿಯುವವರೆಗೆ ಬಾಳುತ್ತವೆ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸಿಲಿಂಡರ್ ಹೆಡ್‌ಗಳನ್ನು ಮಟ್ಟ ಮಾಡಿಕೊಡುವ ಅಂಗಡಿಗಳಿವೆ. ಹೆಡರನ್ನು ಯಂತ್ರದ ಮೇಲೆ ಹಿಡಿಸುವುದೇ ಅಲ್ಲಿನ ತಲೆನೋವಾಯಿತು, ಏಕೆಂದರೆ ಕೊಳವೆಗಳು ನಾಲ್ಕು ದಿಕ್ಕಿಗೆ ಚಾಚಿಕೊಂಡ ವಸ್ತುವನ್ನು ಅಲುಗದಂತೆ ಬಿಗಿಯಲು ಸಮನಾದ ಜಾಗವೇ ಇಲ್ಲ. ಫ್ಲ್ಯಾಂಜಿನ ಹಿಂಬದಿಗೆ ಅಲ್ಲಲ್ಲಿ ಉಕ್ಕಿನ ತುಂಡುಗಳನ್ನು ಆಸರೆ ಕೊಟ್ಟು, ಮಿಲ್ಲಿಂಗ್ ಯಂತ್ರದಲ್ಲಿ ತೆಳು ತೆಳುವಾಗಿ ಅರ್ಧ ಮಿಲಿಮೀಟರಿನಷ್ಟು ಕೆತ್ತಿದ ಮೇಲೆ ತಾಮ್ರದ ಕೊನೆಯ ಚೂರೂ ಹೋಯಿತು. ಅದೇ ಹೊತ್ತಿಗೆ ಎರಡೂ ತುದಿಯ ತೂತುಗಳನ್ನು ಅಡ್ಡಕ್ಕೆ ಸ್ವಲ್ಪ ಉದ್ದ ಮಾಡಿಸಿದೆವು, ಫ್ಲ್ಯಾಂಜ್ ಹಿಗ್ಗಿದಾಗ ಸ್ಟಡ್ಡನ್ನು ಬಗ್ಗಿಸದೆ ಜಾರಲಿ ಎಂದು. ಫಿಟ್ಟರ್ ಇನ್ನೂ ಮುಂದೆ ಹೋಗಿ, ಕಂಡಿಗಳ ನಡುವೆ ಫ್ಲ್ಯಾಂಜನ್ನು ಗರಗಸದಿಂದ ಸೀಳಿಬಿಡಿ, ಒಂದೊಂದೂ ತನ್ನಷ್ಟಕ್ಕೆ ಹಿಗ್ಗಲಿ ಎಂದಿದ್ದರು. ತಾಂತ್ರಿಕವಾಗಿ ಅವರ ಮಾತು ಸರಿ, ಹಾಗೆಯೇ ಮಾಡುವ ತಯಾರಕರೂ ಇದ್ದಾರೆ. ಹೊಸ ಹೆಡರಿನ ಮೇಲೆ ಗರಗಸ ಇಡಲು ಮಾಲೀಕರಿಗೆ ಮನಸ್ಸು ಬರಲಿಲ್ಲ.

ಮತ್ತೆ ಹೊಸ ಗ್ಯಾಸ್ಕೆಟ್, ಮತ್ತೆ 31 ನ್ಯೂಟನ್ ಮೀಟರ್. ಬ್ಲೋವರ್ ಊದಿದರೆ ಗುಳ್ಳೆ ಏಳಲಿಲ್ಲ. ಚಾಲೂ ಮಾಡಿದರೆ ಇಂಜೆಕ್ಟರುಗಳ ಸಣ್ಣ ಟಿಕ್ ಟಿಕ್ ಬಿಟ್ಟು ಬೇರೇನೂ ಕೇಳಲಿಲ್ಲ. ಎಂಜಿನ್ ಕಂಪ್ಯೂಟರಿನ ನೆನಪನ್ನು ಅಳಿಸಿದ ಮೇಲೆ ದೀಪ ಮರಳಿ ಹೊತ್ತಿಲ್ಲ, ಹಳೆಯ ಸಂವೇದಕವೇ ಇನ್ನೂ ಇದೆ.

ಲಾಭ ಎಷ್ಟು

ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಕಾರನ್ನು ಹತ್ತಿಸಲಿಲ್ಲ. ತೀರ್ಥಹಳ್ಳಿ ರಸ್ತೆಯ ಒಂದೇ ಸಮತಟ್ಟು ಹರವಿನಲ್ಲಿ, ಮೂರನೆಯ ಗೇರಿನಲ್ಲಿ 60ರಿಂದ 100 ಕಿ.ಮೀ. ವೇಗಕ್ಕೆ ಎಷ್ಟು ಹೊತ್ತು ಎಂದು ಎರಡೂ ದಿಕ್ಕಿನಲ್ಲಿ ಅಳೆದೆವು. ಬಿರುಕಿನ ಮ್ಯಾನಿಫೋಲ್ಡಿನೊಂದಿಗೆ ಬರೆದಿಟ್ಟುಕೊಂಡ ಸಮಯಕ್ಕೂ ಈಗಿನದ್ದಕ್ಕೂ ಅರ್ಧ ಸೆಕೆಂಡಿನೊಳಗಿನ ವ್ಯತ್ಯಾಸ. ಮೊಬೈಲಿನ ಗಡಿಯಾರವನ್ನು ಒತ್ತುವ ಬೆರಳಿನ ತಡವೇ ಅದರಲ್ಲಿ ಒಂದು ಪಾಲಿರುತ್ತದೆ. ಅದರಲ್ಲೂ ಹೋಲಿಕೆ ಆರೋಗ್ಯವಂತ ಮ್ಯಾನಿಫೋಲ್ಡಿನ ಜೊತೆಗಲ್ಲ, ಬಿರುಕು ಬಿಟ್ಟದ್ದರ ಜೊತೆಗೆ. ಕಂಪ್ಯೂಟರಿನ ಲೆಕ್ಕಾಚಾರ, ಕ್ಯಾಮ್, ಗಾಳಿ ಒಳಬರುವ ದಾರಿ ಯಾವುದನ್ನೂ ಮುಟ್ಟದೆ ಬರೀ ಹೆಡರ್ ಹಾಕಿದರೆ ಇಂಥ ಎಂಜಿನ್ನಿನಲ್ಲಿ ಕೆಲವೇ ಅಶ್ವಶಕ್ತಿ ನಿರೀಕ್ಷಿಸಬಹುದು. ಇಪ್ಪತ್ತು ಬರುತ್ತದೆ ಎಂದು ಮಾರುವವರು ಹೇಳಿದರೆ ಬೇರೆ ಅಂಗಡಿ ಹುಡುಕುವುದು ಲೇಸು. ಮೂರು ಸಾವಿರದ ಸುತ್ತ ಎಳೆತ ಮೃದುವಾಗಿದೆ, ತಿರುವಿನಿಂದ ಹೊರಬರುವಾಗ ಗೇರ್ ಇಳಿಸುವ ಪ್ರಮೇಯ ಕಡಿಮೆಯಾಗಿದೆ ಎಂದು ಮಾಲೀಕರು ಹೇಳುತ್ತಾರೆ. ನನಗೂ ಹಾಗೆ ಅನ್ನಿಸಿತು, ಆದರೆ ಅನ್ನಿಸಿದ್ದನ್ನು ಅಳತೆಯೆಂದು ಬರೆಯಲಾರೆ.

ಗಾಡಿಯೊಳಗೆ ವಾಸನೆ ನಿಂತಿತು. ನನ್ನ ಲೆಕ್ಕದಲ್ಲಿ ಖರ್ಚು ಸಾರ್ಥಕವಾದದ್ದು ಅಷ್ಟಕ್ಕೇ.

ಮಲೆನಾಡಿಗೆ ಸಂಬಂಧಿಸಿದ ಎರಡು ವಿಷಯ

ಹೆಡರಿಗೆ ನಾರಿನ ಪಟ್ಟಿ ಸುತ್ತುವ ರೂಢಿ ಇದೆ. ಬಾನೆಟ್ಟಿನೊಳಗೆ ಕಾವು ಇಳಿಯುತ್ತದೆ ಎಂಬುದು ನಿಜ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮೇಗರವಳ್ಳಿ ಅದರ ನೆರೆ. ಪಟ್ಟಿ ನೀರು ಹೀರಿ ರಾತ್ರಿಯಿಡೀ ಲೋಹಕ್ಕೆ ಅಂಟಿಸಿ ಹಿಡಿಯುತ್ತದೆ. 304 ಉಕ್ಕನ್ನು ಸುಮಾರು 450ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇಟ್ಟರೆ ಅದರೊಳಗಿನ ಕ್ರೋಮಿಯಮ್ ಇಂಗಾಲದೊಡನೆ ಸೇರಿ ಹರಳಿನ ಅಂಚುಗಳಿಗೆ ಸರಿಯುತ್ತದೆ. ತುಕ್ಕು ತಡೆಯಬೇಕಾದ ಕ್ರೋಮಿಯಮ್ ಆ ಅಂಚಿನ ಪಕ್ಕದಲ್ಲಿ ಇಲ್ಲವಾಗುತ್ತದೆ. ಪಟ್ಟಿ ಸುತ್ತಿದ ಕೊಳವೆ ಬೇಗ ಈ ಬಿಸಿಗೆ ಏರುತ್ತದೆ, ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತದೆ. ಬೆಸುಗೆಯ ಪಕ್ಕದಲ್ಲಿ ಸೀಳು ಹುಟ್ಟಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇಕಿಲ್ಲ. ಚಿತ್ರದುರ್ಗದಲ್ಲಿದ್ದರೆ ಯೋಚಿಸಬಹುದಿತ್ತು. ಇಲ್ಲಿ ಪಟ್ಟಿ ಬೇಡವೆಂದು, ಹಳೆಯ ತಗಡಿನ ಶಾಖಕವಚವನ್ನೇ ಕತ್ತರಿಸಿ ಒಂದು ಬೆರಳಿನ ಅಂತರದಲ್ಲಿ ಕೂರಿಸಿದೆವು. ನಡುವೆ ಗಾಳಿಯಾಡುತ್ತದೆ, ನೀರು ನಿಲ್ಲುವುದಿಲ್ಲ.

ಇನ್ನೊಂದು, ನೆಲದ ಅಂತರ. ಕೊಳವೆಗಳು ಒಂದಾಗುವ ಜಾಗ ಮೂಲ ಕೊಳವೆಗಿಂತ ಕೆಳಗೆ ಇಳಿದಿದೆ. ತೋಟದ ದಾರಿಯ ನಡುವಿನ ದಿಣ್ಣೆಗೂ, ಊರೂರಿನವರು ತಮಗೆ ತೋಚಿದ ಎತ್ತರಕ್ಕೆ ಹಾಕಿದ ರಸ್ತೆ ಉಬ್ಬುಗಳಿಗೂ ಅದು ತಾಗುತ್ತದೆ. ತಾಗಿದಾಗ ಪೆಟ್ಟು ಹೋಗಿ ಬೀಳುವುದು ನಾವು ಅಷ್ಟು ಕಷ್ಟಪಟ್ಟು ಮಟ್ಟ ಮಾಡಿಸಿದ ಫ್ಲ್ಯಾಂಜಿಗೆ. ಹೆಡರ್ ಮತ್ತು ಹಿಂದಿನ ಕೊಳವೆಯ ನಡುವೆ ಸ್ಪ್ರಿಂಗ್ ಇರುವ ಬೋಲ್ಟುಗಳ ಕೀಲು ಹಾಕಿಸಿದ್ದರಿಂದ ಅಷ್ಟಿಷ್ಟು ಅಲುಗಾಟ ಅಲ್ಲಿಯೇ ತೀರುತ್ತದೆ. ಹೆಡರಿನ ಕೆಳಗೆ ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಜಾರುತಗಡು ಹಾಕಿಸುವ ಕೆಲಸ ಮಳೆ ಶುರುವಾಗುವ ಮುನ್ನ ಆಗಬೇಕಿದೆ. ಅದಕ್ಕೆ ನೀರು ಬಸಿಯುವ ತೂತುಗಳನ್ನು ಎಲ್ಲಿ ಕೊರೆಯಬೇಕೆಂದು ಫಿಟ್ಟರ್ ಈಗಾಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ. ಬಿರುಕು ಬಿಟ್ಟ ಹಳೆಯ ಮ್ಯಾನಿಫೋಲ್ಡನ್ನೂ ಅವರೇ ಭದ್ರಾವತಿಗೆ ಒಯ್ದಿದ್ದಾರೆ. ನಿಧಾನವಾಗಿ ಕಾಯಿಸಿ, ನಿಕಲ್ ಕಡ್ಡಿಯಲ್ಲಿ ಬೆಸೆದು, ಬೂದಿಯಲ್ಲಿ ಹೂತು ತಣಿಸಿದರೆ ನಿಲ್ಲುತ್ತದೆ ಎಂಬುದು ಅವರ ವಾದ. ನಿಂತರೆ ಮುಂದಿನ ಸಲ ಆರ್‌ಟಿಒ ಮುಂದೆ ಕಾರು ಅದನ್ನೇ ತೊಟ್ಟು ಹೋಗುತ್ತದೆ.